ಡ್ವೇನನ ಪಾಲಿನ ತಡೆ

ಫೋನುಗಳನ್ನೆಲ್ಲ ಫ್ರಿಜ್ಜಿನೊಳಗೆ ಸಾಸಿವೆ ಸೀಸೆಯ ಪಕ್ಕ ಮಲಗಿಸಿ ಬಾಗಿಲು ಹಾಕಿದ ಮೇಲೆ ಕಾನ್ರಾಡ್ ದನಿ ತಗ್ಗಿಸಿ, "ಈಗ ಮಾತಾಡ್ಬಹುದು. ವಿನಿ, ಬರ್ಕೊಳ್ಳಿ," ಎಂದ.

ವಿನಿಫ್ರೆಡ್ ಬರೆದುಕೊಂಡಳು. ನವೆಂಬರ್, ಭಾನುವಾರ, ಮಧ್ಯಾಹ್ನ ಎರಡು ಗಂಟೆ, ಚರ್ಚಿನ ನೆಲಮಾಳಿಗೆ. ಹಾಜರಿದ್ದವರು ಒಂಬತ್ತು ಮಂದಿ. ಒಂಬತ್ತೂ ಜನರ ಪೂರ್ತಿ ಹೆಸರು. ಪೊಲೀಸರು ಕದ್ದು ಕೇಳಬಾರದೆಂದು ಫೋನಿಗೆ ಚಳಿ ಹಿಡಿಸುವ ಈ ಮಹಾಶಯರು, ಯಾವ ಅಪರಾಧಕ್ಕೆ ಯಾರು ಕೈಯೆತ್ತಿದರು ಎಂಬುದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆಸುತ್ತಿದ್ದರು. ಪಾರದರ್ಶಕತೆ ಈ ಪರಿಸರ ಸಂಘದ ಮೊದಲ ನಿಯಮ. ಆರು ವರ್ಷದಿಂದ ಆ ಬರವಣಿಗೆ ಎಪ್ಪತ್ತೊಂದರ ವಿನಿಯ ಪಾಲಿಗೆ ಬಂದಿತ್ತು. ಉಳಿದವರ ಅಕ್ಷರ ಅವರಿಗೇ ಓದಲಾಗುತ್ತಿರಲಿಲ್ಲ.

"ಎಣ್ಣೆ ಎಂಬುದು ಈ ವ್ಯವಸ್ಥೆಯ ರಕ್ತ," ಎಂದು ಕಾನ್ರಾಡ್ ಶುರುಮಾಡಿದ. ಮಾತಿನ ಕೊನೆಯನ್ನು ನುಂಗಿ, ಮಧ್ಯವನ್ನು ಎಳೆದು, ರೇಡಿಯೋದಲ್ಲಿ ಹವಾಮಾನ ಹೇಳುವವನ ಗತ್ತಿನಲ್ಲಿ ಮುಂದುವರಿಸಿದ. "ನಾವು ಆ ನರದ ಮೇಲೆ ಬೆರಳು ಒತ್ತಲಿದ್ದೇವೆ."

"ಬೆರಳು ಯಾರ್ದು?" ವಿನಿ ತಲೆಯೆತ್ತದೆ ಕೇಳಿದಳು.

ಬೆರಳು ಬ್ರಿಯೋನಿಯದು. ಊರಾಚೆ ಎಣ್ಣೆ ಕೊಳವೆ ಹಾದುಹೋಗುವ ಕಡೆ ಬೇಲಿಯೊಳಗೆ ಒಂದು ಕವಾಟವಿತ್ತು. ಬುಧವಾರ ಬೆಳಿಗ್ಗೆ ಬೇಲಿಯ ಸರಪಳಿ ಕತ್ತರಿಸುವುದು, ಒಳಗೆ ಹೋಗಿ ಕವಾಟದ ಚಕ್ರ ತಿರುಗಿಸಿ ಎಣ್ಣೆ ನಿಲ್ಲಿಸುವುದು, ಇದು ಪ್ರಸ್ತಾವ. ಒಳಗೆ ಹೋಗುವವಳು ಇಪ್ಪತ್ತು ವರ್ಷದ ಬ್ರಿಯೋನಿ ಒಬ್ಬಳೇ. ಕಾನ್ರಾಡನದು 'ಮಾಧ್ಯಮ'. ಇನ್ನಿಬ್ಬರದು 'ಮನೋಬಲ'. ಒಬ್ಬಾತ ರಸ್ತೆಬದಿಯಲ್ಲಿ ಬಿಸಿ ಸೂಪು ಹಿಡಿದು ನಿಲ್ಲಲು ಒಪ್ಪಿದ್ದ, ಅದೂ ಮಳೆ ಬಾರದಿದ್ದರೆ. ಕ್ರಾಂತಿಯಲ್ಲಿ ಎಲ್ಲರಿಗೂ ವಿಶ್ರಾಂತಿಯ ಜಾಗ ಸಿಕ್ಕಿತ್ತು.

"ವರ್ಷಗಟ್ಲೆ ಜೈಲು ಕಣೆ," ಎಂದಳು ವಿನಿ.

"ಗೊತ್ತು ಅಜ್ಜಿ." ಬ್ರಿಯೋನಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು. "ನೀವು ನಲ್ವತ್ತು ವರ್ಷ ಮೇಣದ ಬತ್ತಿ ಹಿಡ್ದ್ರಿ. ಹಾಡು ಹೇಳಿದ್ರಿ. ಸಹಿ ಹಾಕ್ಸಿದ್ರಿ. ಏನ್ ನಿಂತೋಯ್ತು, ಹೇಳಿ? ಒಂದೇ ಒಂದು ಹೇಳಿ."

ವಿನಿ ಯೋಚಿಸಿದಳು. ಒಂದು ನಿಂತಿತ್ತು, ಆಟದ ಮೈದಾನದ ಪಕ್ಕ ಬರಬೇಕಿದ್ದ ಕಸದ ಗುಂಡಿ. ಅದೂ ಆಮೇಲೆ ಸ್ಮಶಾನದ ಪಕ್ಕ ಬಂತು.

ಸಂಘದಲ್ಲಿ ಬಹುಮತವೆಂಬುದು ಬೈಗುಳ. ಎಲ್ಲರೂ ಒಪ್ಪಬೇಕು. ಒಪ್ಪಿದವರು ಕೈಯೆತ್ತಿ ಹತ್ತೂ ಬೆರಳು ಮಿಣುಕಿಸಬೇಕು. ಒಬ್ಬರೇ ಒಬ್ಬರು ಎದೆಯ ಮೇಲೆ ಮುಷ್ಟಿಗಳನ್ನು ಅಡ್ಡ ಹಿಡಿದು 'ತಡೆ' ಎಂದರೂ ಸಾಕು, ಪ್ರಸ್ತಾವ ಅಲ್ಲಿಗೆ ಸತ್ತಂತೆ. ಆದರೆ ಯಾರೂ ಹಟಕ್ಕೆ ಬೀಳಬಾರದೆಂದು ತಲೆಗೆ ವರ್ಷಕ್ಕೊಂದೇ ತಡೆ. ಕಾನ್ರಾಡ್ ತನ್ನದನ್ನು ಬೇರೊಬ್ಬ ವಕ್ತಾರನಾಗದಂತೆ ಖರ್ಚು ಮಾಡಿದ್ದ. ಬ್ರಿಯೋನಿಯದು ಭಿತ್ತಿಪತ್ರದ ಅಕ್ಷರದ ಗಾತ್ರಕ್ಕೆ ಹೋಗಿತ್ತು. ವಿನಿಯದು ಫೆಬ್ರವರಿಯಲ್ಲೇ ಮುಗಿದಿತ್ತು. ಕಾಫಿಗೆ ಹಸುವಿನ ಹಾಲೋ ಓಟ್ಸ್ ಧಾನ್ಯದ ಹಾಲೋ ಎಂದು ಐವತ್ತು ನಿಮಿಷ ಚರ್ಚೆ ನಡೆದಾಗ ಅವಳು ತಾಳ್ಮೆಗೆಟ್ಟು, ಎಪ್ಪತ್ತೊಂದು ವರ್ಷದ ಮುಷ್ಟಿಗಳನ್ನು ಎದೆಗೊತ್ತಿಕೊಂಡು ಓಟ್ಸ್ ಹಾಲನ್ನು ತಡೆದಿದ್ದಳು. ಆ ದಿನದ ಟಿಪ್ಪಣಿಯೂ ಅವಳ ಕೈಬರಹದಲ್ಲೇ ಇತ್ತು. ಈಗ ಅದನ್ನು ನೆನೆದರೆ ತನ್ನ ಮುಖಕ್ಕೇ ಉಗಿಯಬೇಕೆನಿಸುತ್ತಿತ್ತು.

ಒಂಬತ್ತರಲ್ಲಿ ಎಂಟು ತಡೆಗಳು ಹೀಗೇ ಪುಡಿಗಾಸಿನ ಸಂಗತಿಗಳಿಗೆ ತೀರಿಹೋಗಿದ್ದವು. ಉಳಿದದ್ದು ಡ್ವೇನನದು ಒಂದೇ.

ಡ್ವೇನ್ ಬಂದು ಹದಿನಾಲ್ಕು ತಿಂಗಳಾಗಿತ್ತು. ಯಾವುದಕ್ಕೂ ಬೇಡವೆಂದವನಲ್ಲ. ಸರಿಯಾದ ಹೊತ್ತಿಗೆ ಬರುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ, ಅವನ ಪಿಕಪ್ ಲಾರಿಯಲ್ಲಿ ಸದಾ ಪೆಟ್ರೋಲ್ ಇರುತ್ತಿತ್ತು. ಸಂಘದಲ್ಲಿ ಈ ಮೂರೂ ಗುಣ ಒಬ್ಬನಲ್ಲೇ ಕಂಡದ್ದು ಸಂಘ ಹುಟ್ಟಿದ ಮೇಲೆ ಅದೇ ಮೊದಲು. ಹನ್ನೆರಡು ವರ್ಷದಿಂದ ಮನೆಗಳಿಗೆ ಸೂರು ಹಾಕುವ ಕೆಲಸ ತನ್ನದು ಎನ್ನುತ್ತಿದ್ದ. ವಿನಿಯ ಗಂಡ ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. ಸೂರಿನ ಮೇಲೆ ಮಂಡಿಯೂರಿ ಮಂಡಿಯೂರಿ, ಕೊನೆಗೆ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಡ್ವೇನನೋ ಬ್ಯಾನರಿನ ಗಂಟು ಕಟ್ಟಲು ಕುಕ್ಕರುಗಾಲಲ್ಲಿ ಕೂತು ಚಿಮ್ಮಿ ಏಳುತ್ತಿದ್ದ, ಕವಾಯತಿನಲ್ಲಿ ಎದ್ದ ಹಾಗೆ. ವೇಷ ಮರೆಸಿ ಸಂಘ ಸೇರುವ ಅಂಥ ಪೊಲೀಸರನ್ನು ನಲವತ್ತು ವರ್ಷದಲ್ಲಿ ನಾಲ್ಕು ಜನ ನೋಡಿದ್ದಳು ವಿನಿ. ಐದನೆಯವನೆಂದು ಒಮ್ಮೆ ಲೈಲ್ ಎಂಬುವನ ಹೆಸರನ್ನು ಸಭೆಯಲ್ಲೇ ಹೇಳಿದ್ದಳು. ಲೈಲ್ ಪೊಲೀಸನಾಗಿರಲಿಲ್ಲ, ಬರೀ ಅಂಜುಬುರುಕ. ಊರು ಬಿಟ್ಟೇ ಹೋದ. ಅಂದಿನಿಂದ ಅವಳು ಯಾರ ಹೆಸರನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

"ಹತ್ತು ನಿಮಿಷ ಬಿಡುವು. ಆಮೇಲೆ ನಿರ್ಧಾರ," ಎಂದ ಕಾನ್ರಾಡ್.

ವಿನಿ ನೋಟ್‌ಬುಕ್ ಎದೆಗವಚಿಕೊಂಡು ಅಡುಗೆಮನೆಗೆ ಹೋದಳು. ಡ್ವೇನ್ ಲೋಟ ಉಜ್ಜುತ್ತಿದ್ದ.

"ನಿನ್ ಹತ್ರ ಇನ್ನೂ ಒಂದು ತಡೆ ಇದೆ, ಅಲ್ವೇನಪ್ಪ?"

"ಇದೆ. ಆದ್ರೆ ನಂಗೆ ಈ ಪ್ರಸ್ತಾವದ ಮೇಲೆ ನಂಬಿಕೆ ಇದೆ ವಿನಿ."

"ಇರ್ಬೇಕಾದ್ದೇ. ನಿಂದೇ ತಾನೆ?" ಅವಳು ಕನ್ನಡಕ ಏರಿಸಿ ಪುಟ ತಿರುಗಿಸಿದಳು. "ಸೆಪ್ಟೆಂಬರ್ ಹದ್ನಾಲ್ಕು. 'ಬ್ಯಾನರಿನಿಂದ ಏನೂ ಆಗುವುದಿಲ್ಲ, ಕವಾಟ ನಿಲ್ಲಿಸಬೇಕು: ಡ್ವೇನ್.' ಇಪ್ಪತ್ತೆಂಟು. 'ಬ್ರಿಯೋನಿ ಹೆದರಿದಳು. ಹೆದರಬೇಡ ಎಂದು ಧೈರ್ಯ ಹೇಳಿದವನು: ಡ್ವೇನ್.' ಅಕ್ಟೋಬರಿನಲ್ಲಿ, 'ಸರಪಳಿ ಕತ್ತರಿಸುವ ಕಟರ್ ತನ್ನ ಬಳಿ ಇದೆ, ಲಾರಿಯೂ ಇದೆ: ಡ್ವೇನ್, ಎರಡನೆಯ ಸಲ.' ನನ್ ಅಕ್ಷರ ಚೆನ್ನಾಗಿದೆ, ಅಲ್ವಾ? ನ್ಯಾಯಾಧೀಶರಿಗೆ ಕನ್ನಡಕಾನೇ ಬೇಕಾಗಲ್ಲ."

ನಲ್ಲಿ ಸುರಿಯುತ್ತಲೇ ಇತ್ತು.

"ಇದನ್ನೆಲ್ಲ ಯಾಕೆ ಬರೆದ್ರಿ?"

"ಬರೆಯೋದು ನನ್ ಕೆಲ್ಸ. ನಿನ್ ಕೆಲ್ಸ ಏನು ಅಂತ ನಾನು ಕೇಳ್ತಿಲ್ವಲ್ಲ." ಅವಳು ನಲ್ಲಿ ನಿಲ್ಲಿಸಿದಳು. "ಒಂದ್ಮಾತು. ಆ ಹುಡುಗಿ ಕಟಕಟೆ ಹತ್ತಿದ್ರೆ ಈ ಪುಸ್ತಕಾನೂ ಹತ್ತುತ್ತೆ. ಪೊಲೀಸರೇ ಪುಸಲಾಯಿಸಿದ್ರು ಅಂತ ವಕೀಲರು ಬೊಬ್ಬೆ ಹೊಡೀತಾರೆ, ಕೇಸು ಬಿದ್ದೋಗುತ್ತೆ. ಯಾರೋ ಪಾಪ ಹದ್ನಾಲ್ಕು ತಿಂಗ್ಳು ಕಷ್ಟಪಟ್ಟಿದ್ದು ಚರಂಡಿಗೆ ಹೋಗುತ್ತೆ."

ಡ್ವೇನನ ಕಿವಿಯ ತುದಿ ಕೆಂಪಾಯಿತು. ಅಷ್ಟು ಸಾಕಾಗಿತ್ತು ವಿನಿಗೆ. ಇವನು ಲೈಲ್ ಅಲ್ಲ. ಆದರೂ ಗೆದ್ದ ಭಾವವೇನೂ ಹುಟ್ಟಲಿಲ್ಲ. ಈ ಊರಿಗೆ ಕಳಿಸಲು ಪೊಲೀಸ್ ಇಲಾಖೆಗೆ ಇದಕ್ಕಿಂತ ಸವೆದ ಮಂಡಿಯಾದರೂ ಸಿಗಬಾರದಿತ್ತೇ ಅನಿಸಿತು.

ಸಭೆ ಮತ್ತೆ ಕೂತಿತು. ಕಾನ್ರಾಡ್ ಪ್ರಸ್ತಾವ ಓದಿದ. ಏಳು ಜೊತೆ ಕೈಗಳು ಮೇಲೆದ್ದು ಬೆರಳುಗಳು ಮಿಣುಕಿದವು. ವಿನಿಯ ಕೈಯಲ್ಲಿ ಪೆನ್ನಿತ್ತು. ಡ್ವೇನ್ ಒಮ್ಮೆ ಬಾಗಿಲಿನತ್ತ, ಒಮ್ಮೆ ನೋಟ್‌ಬುಕ್ಕಿನತ್ತ ನೋಡಿ, ಹಲ್ಲುನೋವಿನವನಂತೆ ಮುಖ ಮಾಡಿಕೊಂಡು ಎದೆಯ ಮೇಲೆ ಮುಷ್ಟಿಗಳನ್ನು ಅಡ್ಡ ಹಿಡಿದ.

"ಏನೋ ಇದು?" ಕಾನ್ರಾಡನ ರೇಡಿಯೋ ದನಿ ಮಾಯವಾಗಿತ್ತು.

"ತಡೆ."

"ಕಾರಣ ಹೇಳ್ಬೇಕು! ನಿಯಮ!"

"ನಂಗೆ... ಆತ್ಮಸಾಕ್ಷಿ ಒಪ್ತಿಲ್ಲ."

ಸೂಪಿನವನು ಗೊಳ್ಳೆಂದು ನಕ್ಕ. ಬ್ರಿಯೋನಿ ಕುರ್ಚಿ ತಳ್ಳಿ ಎದ್ದಳು. "ಥೂ! ನನ್ನ ಹುರಿದುಂಬಿಸಿದ್ದು ನೀನೇ ಅಲ್ವೇನೋ? ಕಟರ್ ತರ್ತೀನಿ ಅಂದಿದ್ದು ನೀನೇ ಅಲ್ವಾ?"

"ಎಷ್ಟು ಕೊಟ್ರು ಗುರು?" ಎಂದ ಕಾನ್ರಾಡ್. "ಹೇಳ್ಬಿಡು. ನೀನು ಪೊಲೀಸ್. ನಂಗೆ ಮೊದಲ ದಿನಾನೇ ವಾಸನೆ ಬಂದಿತ್ತು."

"ಇಷ್ಟು ದಿನ ಸರಿಯಾಗೇ ಇದ್ದ," ಎಂದು ಮನೋಬಲದವರಲ್ಲಿ ಒಬ್ಬಳು ಮರುಗಿದಳು. "ಇವತ್ತು ತಡೆ ಹಾಕಿದ್ಮೇಲೆ ಗೊತ್ತಾಯ್ತು ನೋಡಿ, ಎಂಥವ್ನು ಅಂತ."

ಡ್ವೇನನನ್ನು ಹೊರಹಾಕುವ ಪ್ರಸ್ತಾವ ಬಂತು. ಓಟ್ಸ್ ಹಾಲಿಗೆ ಐವತ್ತು ನಿಮಿಷ ಹಿಡಿದ ಸಂಘಕ್ಕೆ ಇದಕ್ಕೆ ನಲವತ್ತು ಸೆಕೆಂಡು ಹಿಡಿಯಿತು. ಬೆರಳುಗಳು ಮಿಣುಕಿದವು. ವಿನಿ ಬರೆಯುತ್ತಲೇ ಇದ್ದಳು. ಡ್ವೇನ್ ಕೋಟು ಹಾಕಿಕೊಂಡು, ಫ್ರಿಜ್ಜಿನಿಂದ ತಣ್ಣಗಿನ ಫೋನ್ ತೆಗೆದುಕೊಂಡು, ಯಾರಿಗೂ ವಿದಾಯ ಹೇಳದೆ ಮೆಟ್ಟಿಲು ಹತ್ತಿದ. ಅವನೊಂದಿಗೆ ಕಟರೂ ಹೋಯಿತು, ಲಾರಿಯೂ ಹೋಯಿತು.

"ಹಾಗಾದ್ರೆ ಬುಧವಾರ?" ಎಂದು ಯಾರೋ ಕೇಳಿದರು. ಯಾರ ಬಳಿಯೂ ಕಾರಿರಲಿಲ್ಲ. ಕವಾಟದ ಕಡೆಗೆ ಬಸ್ಸೂ ಇರಲಿಲ್ಲ. ಕಾನ್ರಾಡ್ ಗಂಟಲು ಸರಿಮಾಡಿಕೊಂಡು, ಸದ್ಯಕ್ಕೊಂದು ಬ್ಯಾನರ್ ಬರೆಯುವುದು ತಂತ್ರದ ದೃಷ್ಟಿಯಿಂದ ಹೆಚ್ಚು ಉಗ್ರವೆಂದು ವಿವರಿಸತೊಡಗಿದ.

ಬಸ್ ನಿಲ್ದಾಣದಲ್ಲಿ ಹಿಮ ಬೆರೆತ ಮಳೆ ಹನಿಯುತ್ತಿತ್ತು. ಬ್ರಿಯೋನಿ ಬೆಂಚಿನ ಆ ತುದಿಯಲ್ಲಿ ನಿಂತಿದ್ದಳು.

"ನಿಮ್ಗೆ ಖುಷಿ ಆಗಿರ್ಬೇಕು ಅಜ್ಜಿ."

"ಟೋಪಿ ಹಾಕ್ಕೊ," ಎಂದಳು ವಿನಿ.

ಬ್ರಿಯೋನಿ ಹಾಕಿಕೊಳ್ಳಲಿಲ್ಲ. ಬಸ್ ಬಂದಾಗ ವಿನಿಗಿಂತ ಮೊದಲು ಹತ್ತಿ, ಅವಳೂ ಹತ್ತುತ್ತಾಳೇನೋ ಎಂಬಂತೆ ತಿರುಗಿ ದುರುಗುಟ್ಟಿದಳು. ವಿನಿ, ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಚಾಲಕನಿಗೆ ಕೈಯಾಡಿಸಿದಳು. ಬಾಗಿಲು ಮುಚ್ಚಿತು. ಬೆಳಗಿದ ಕಿಟಕಿಯೊಳಗೆ ಬ್ರಿಯೋನಿ ಹಿಂದಿನ ಸೀಟಿಗೆ ದೊಪ್ಪನೆ ಕೂತು, ಒದ್ದೆ ಬೂಟುಗಳನ್ನು ಎದುರಿನ ಸೀಟಿನ ಮೇಲೆ ಚಾಚಿದಳು. ಚಾಲಕ ಕನ್ನಡಿಯಲ್ಲಿ ನೋಡಿ, ಕಾಲು ತೆಗೆ ಎಂಬಂತೆ ಏನೋ ಅಂದ. ಅವಳು ಗದ್ದ ಎತ್ತಿ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದಳು. ಬಸ್ ಹೊರಡಲಿಲ್ಲ. ಆಮೇಲೆ ಒಂದು ಕಾಲು ಕೆಳಗಿಟ್ಟಳು, ಇನ್ನೊಂದನ್ನೂ ಇಟ್ಟಳು, ತೋಳಿನಿಂದ ಸೀಟು ಒರೆಸಿದಳು.