ಸೆರಗಿನೊಳಗಿನ ಬಾವು

ಮಾವನೆದುರು ಸೊಸೆ ಮುಖದ ಮೇಲೆ ಸೆರಗು ಎಳೆದುಕೊಂಡಿರಬೇಕು. ಸಂತಪುರದ ಕಲ್ಲಪ್ಪನ ಮನೆಯಲ್ಲಿ ಮರ್ಯಾದೆ ಎಂದರೆ ಅದೇ. ಹೀಗಾಗಿ ಹುಳುಕು ಹಲ್ಲಿನಿಂದ ಸೊಸೆ ಮಹಾನಂದಾಳ ದವಡೆ ಬಾತದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ. ಅತ್ತೆ ಹಲ್ಲಿಗೆ ಲವಂಗ ಇಟ್ಟಳು, ಕೆನ್ನೆಗೆ ಶಾಖ ಕೊಟ್ಟಳು. ಬಾವು ಕುತ್ತಿಗೆಗೆ ಇಳಿಯಿತು.

"ಅಪ್ಪಾ, ಜ್ವರಾನೂ ಬಂದಾವರಿ. ಬೀದರ ದವಾಖಾನಿಗಿ ಒಯ್ಲೇನ್ರಿ?" ಎಂದು ಗಂಡ ವೈಜಿನಾಥ ಕೇಳಿದ.

"ಹಲ್ಲ ನೋವಿಗಿ ಯಾರರೆ ದವಾಖಾನಿಗಿ ಹೋಗ್ತಾರೇನೋ? ದಾರ್ಯಾಗ ನಿಜಾಮನ ರಜಾಕಾರರು ಅದಾರ, ಲೂಟಿ ಮಾಡ್ತಾರ," ಎಂದ ಕಲ್ಲಪ್ಪ. ದಾರಿಯ ಭಯವೇ ಕಾರಣವೆಂದು ಮಹಾನಂದಾ ನಂಬಿದಳು.

ಪೊಲೀಸ್ ಕಾರ್ಯಾಚರಣೆಯಲ್ಲಿ ಬೀದರಿಗೆ ಭಾರತದ ಫೌಜು ಬಂತು, ರಜಾಕಾರರು ಓಡಿದರು, ದಾರಿ ತೆರೆಯಿತು. ಅಷ್ಟರಲ್ಲಿ ಅವಳ ಬಾಯಿ ಮುಚ್ಚಿಕೊಂಡಿತ್ತು. ಉಗುಳು ಸಹ ನುಂಗಲಾಗುತ್ತಿರಲಿಲ್ಲ. ಕಲ್ಲಪ್ಪ ಬಂಡಿ ಹೂಡಿಸಿದಾಗ ತನಗಾಗಿಯೇ ಎಂದುಕೊಂಡು ಅವಳು ಬಾಗಿಲಿಗೆ ಬಂದಳು. ಬಂಡಿ ತುಂಬ ಗಂಡಸರು. ಬೀದರಿಗೆ ಫೌಜು ನೋಡಲು ಹೊರಟಿದ್ದರು.

"ಒಳಗ ಹೋಗಂತ ಹೇಳೋ ಅಕಿಗಿ. ಗಂಡಸರು ಕುಂತಾರ," ಎಂದು ಕಲ್ಲಪ್ಪ ಮಗನಿಗೆ ಗದರಿದ.

ಮಹಾನಂದಾ ಎಲ್ಲರೆದುರು ಸೆರಗು ಸರಿಸಿದಳು. ಆ ಮುಖ ನೋಡಿದ ಗಂಡಸರು ಅವಳಿಗೆ ಬಂಡಿ ಬಿಟ್ಟುಕೊಟ್ಟು ಕೆಳಗಿಳಿದರು.

ಬೀದರಿನ ಡಾಕ್ಟರು ದವಡೆಯ ಕೆಳಗೆ ಕೊಯ್ದು ಕೀವು ತೆಗೆದರು. "ಬಾವು ಕುತ್ತಿಗಿಗಿ ಇಳದ್ರ, ನುಂಗಲಿಕ್ಕಿ ಬರದಿದ್ರ ತಡಾ ಮಾಡಬಾರದು. ಉಸರು ಕಟ್ಟಿ ಸಾಯ್ತಾರ," ಎಂದು ವೈಜಿನಾಥನಿಗೆ ಬೈದರು.

ಮನೆಗೆ ಮರಳಿದಾಗ ಕಲ್ಲಪ್ಪ, "ಮಂದಿ ಮುಂದ ಮಾರಿ ತೋರ್ಸಿ ಮಾನ ಕಳದಿ," ಎಂದ.

ಮಹಾನಂದಾ ಸೆರಗು ಎಳೆದುಕೊಂಡಳು. ಅವನಿಗೆ ಮರ್ಯಾದೆ ಕೊಡಲಿಕ್ಕಲ್ಲ. ಅವನ ಮುಖ ತನ್ನ ಕಣ್ಣಿಗೆ ಬೀಳದಿರಲಿ ಎಂದು.