ಗಣಿಗುಂಡಿಯಿಂದ ಮೆತ್ತಗಾಗಿ ಬಂದ ಮೀನುಗಳು

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಬದುಕಿರುವವರ ಮನೆಯ ಸಂಗತಿಯನ್ನು, ಅದೂ ಇನ್ನೂ ಮುಗಿಯದ ಸಂಗತಿಯನ್ನು, ಹೀಗೆ ನಾಲ್ಕು ಜನರ ಮುಂದೆ ಬಿಚ್ಚಿಡುವುದು ಸರಿಯೋ ತಪ್ಪೋ ಎಂಬ ಅನುಮಾನ ಬರೆಯುವಾಗಲೂ ಹೋಗಿಲ್ಲ. ರಸಾಯನಶಾಸ್ತ್ರ ಬಲ್ಲವರು ಹೇಳಬೇಕಾದ ಕಥೆ ಇದು. ಬಲ್ಲವರು ಬಾಯಿ ಬಿಡದೆ ಇರುವುದರಿಂದ ಬಾರದವರ ಪಾಲಿಗೆ ಬಂದಿದೆ. ತಪ್ಪು ಕಂಡರೆ ಓದುವವರು ದೊಡ್ಡ ಮನಸ್ಸು ಮಾಡಿ ತಿದ್ದಿಕೊಳ್ಳಬೇಕು.

ಕೆರೆಗೆ ಹೋಗುವ ರಸ್ತೆಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಬಾಗಿಲು ಹಾಕಿದ ಫೋಟೊ ಸ್ಟುಡಿಯೊಗೂ ನಡುವೆ ಗಾಳದ ಸಾಮಾನಿನ ಒಂದು ಸಣ್ಣ ಅಂಗಡಿ ಇತ್ತು. ಅದರ ಯಜಮಾನನನ್ನು ಊರೆಲ್ಲ ಅಚ್ಚಣ್ಣ ಅನ್ನುತ್ತಿತ್ತು. ಆ ಕೆರೆಯಲ್ಲಿ ಬ್ಯಾಸ್ ಮೀನು ಬಹಳ. ಬ್ಯಾಸ್ ಹಿಡಿಯುವವರಿಗೆ ರಬ್ಬರ್ ಮೀನು ಬೇಕು; ಪೊಟ್ಟಣದ ಮೇಲೆ ಸ್ವಿಮ್‌ಬೈಟ್ ಎಂದು ಬರೆದಿರುತ್ತದೆ. ನೀರಿನಲ್ಲಿ ಎಳೆದರೆ ಬಾಲ ಆಡಿಸುತ್ತ ಜೀವವಿರುವ ಮರಿಮೀನಿನ ಹಾಗೆಯೇ ಈಜುತ್ತದೆ. ಹೆಸರಾದ ಕಂಪನಿಗಳದ್ದಕ್ಕೆ ಕೈ ಹಾಕಿದರೆ ಕೈ ಸುಡುತ್ತದೆ. ಅಚ್ಚಣ್ಣ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತಾನೇ ಕಾಯಿಸಿ, ಅಚ್ಚಿಗೆ ಹೊಯ್ದು, ಕಾಲು ಬೆಲೆಗೆ ಮಾರುತ್ತಿದ್ದ. ಅಷ್ಟು ಅಗ್ಗಕ್ಕೆ ಗುಟ್ಟೇನೂ ಇರಲಿಲ್ಲ. ಮೀನು ಕಚ್ಚಿ ಹರಿದ ನಾಲ್ಕು ಹಳೆಯವನ್ನು ತಂದುಕೊಟ್ಟರೆ ಹೊಸದೊಂದು ಕೊಡುತ್ತಿದ್ದ. ಬಾಗಿಲ ಪಕ್ಕದ ಬಕೆಟ್ಟು ತುಂಬಿದ ದಿನ ಎಲ್ಲವನ್ನೂ ಕರಗಿಸಿ ಮತ್ತೆ ಮೀನು ಮಾಡುತ್ತಿದ್ದ.

ಮನುಷ್ಯ ಸಣ್ಣದಕ್ಕೂ ಅಂಜುವವನು. ಚಿಲ್ಲರೆ ಕೊಟ್ಟ ಮೇಲೂ ಗಿರಾಕಿಯನ್ನು ಕೂಗಿ ಕರೆದು ಸರಿಯಿದೆಯೇ ಎಂದು ಕೇಳುವ ಜಾತಿ. ಆದರೆ ಮೀನು ಆರಿಸಿಕೊಡುವ ವಿಷಯದಲ್ಲಿ ಮಾತ್ರ ಅವನ ಮಾತಿಗೆ ಎದುರಿರಲಿಲ್ಲ.

ಚಳಿ ಶುರುವಾದ ಒಂದು ಬೆಳಿಗ್ಗೆ ನಿವೃತ್ತ ಬಸ್ ಡ್ರೈವರ್ ಬಂದು ಗಲ್ಲಾದ ಮೇಲೆ ಮೊಣಕೈ ಊರಿದರು. "ಅಚ್ಚಣ್ಣ, ಯಾವುದು ತಗೊಳ್ಳಲಿ ಹೇಳಯ್ಯ. ಜೇಬಿಗೂ ಭಾರ ಆಗಬಾರದು, ಮನೇಲಿ ಹೆಂಡ್ತಿ ಮುಂದೆ ಮರ್ಯಾದೆನೂ ಉಳೀಬೇಕು."

"ಎರಡರಲ್ಲಿ ಒಂದು ಕೇಳಿ ಸಾಹೇಬ್ರೇ," ಎಂದು ಅಚ್ಚಣ್ಣ ಮೂರು ಮೀನು ಮುಂದಿಟ್ಟ. "ಕಣ್ಣು ನೋಡಬೇಡಿ, ಬಾಲ ನೋಡಿ. ಕಣ್ಣು ಹಿಡಿಯೋದು ಗಿರಾಕಿನ, ಬಾಲ ಹಿಡಿಯೋದು ಮೀನನ್ನ. ಇಗೋ, ಬಾಲದ ಹತ್ರ ಸಣ್ಣಗಿದೆಯಲ್ಲ, ಹೀಗಿರಬೇಕು. ದಪ್ಪ ಇದ್ರೆ ನಿಧಾನಕ್ಕೆ ಎಳೆದಾಗ ಆಡೋದೇ ಇಲ್ಲ. ಈಗ ಚಳಿ, ಬ್ಯಾಸ್ ಎಲ್ಲಾ ತಳ ಹಿಡಿದಿರುತ್ವೆ. ತಲೆಗೆ ಸೀಸದ ತೂಕ ಹಾಕಿ, ತಳ ಮುಟ್ಟಿಸಿ, ಅವಸರ ಮಾಡದೆ ಎಳೀರಿ."

"ಆ ಮೂರು ತುಂಡು ಜೋಡಿಸಿದ ಮೀನು? ನೋಡೋಕೆ ರಾಜನ ಹಾಗಿದೆ."

"ಕಲ್ಲಿಗೆ ಸಿಕ್ಕಿಕೊಂಡ್ರೆ ರಾಜನೂ ಇಲ್ಲ, ರಾಜ್ಯನೂ ಇಲ್ಲ. ಬೂದಿ ಬಣ್ಣದ ಇದನ್ನೇ ಆರು ತಗೊಳ್ಳಿ. ಹೋದ್ರೂ ಅಳಬೇಕಾಗಿಲ್ಲ."

ಡ್ರೈವರ್ ನಗುತ್ತ ಆರು ಕಟ್ಟಿಸಿಕೊಂಡು ಹೋದರು.

ಹತ್ತು ದಿನಕ್ಕೆ ಅದೇ ಡ್ರೈವರ್ ಬಂದು ಗಲ್ಲಾದ ಮೇಲೆ ಏನನ್ನೋ ಪಚಕ್ಕನೆ ಇಟ್ಟರು. ಬೂದಿ ಬಣ್ಣದ ಮೀನೇ. ಆದರೆ ಮೈ ಊದಿಕೊಂಡು ಚಹಾದಲ್ಲಿ ನೆಂದ ಬಿಸ್ಕತ್ತಿನ ಹಾಗಾಗಿತ್ತು. ಬಾಲ ಹಿಡಿದರೆ ಬಾಲ ಮಾತ್ರ ಕೈಗೆ ಬಂತು.

"ಏನಯ್ಯ, ಮೀನು ಹೊಯ್ದಿದ್ದೀಯೋ ಗಂಜಿ ಹೊಯ್ದಿದ್ದೀಯೋ? ನಮ್ಮ ಗಾಳ ಹಾಕೋರ ಪೈಕಿ ಎಲ್ಲರದ್ದೂ ಹೀಗೇ ಆಗಿದೆ. ನಾಳೆ ಬರ್ತಾರೆ ನೋಡು, ಮೆರವಣಿಗೆ."

ಅಚ್ಚಣ್ಣನ ಮುಖ ಬಾಡಿಹೋಯಿತು. "ಯಾವ ಡಬ್ಬಿಯಲ್ಲಿ ಇಟ್ಟಿದ್ರಿ? ಬೇರೆ ಕಂಪನಿಯದರ ಜೊತೆ ಇಟ್ಟಿದ್ರಾ? ಬಿಸಿಲಿಗೆ ಬಿಟ್ಟಿದ್ರಾ? ಎಷ್ಟು ದಿನ ಆಯ್ತು?" ಎಂದು ಒಂದರ ಮೇಲೊಂದು ಕೇಳಿದ. ರಬ್ಬರಿನ ಎರಡು ಜಾತಿ ಒಂದೇ ಡಬ್ಬಿಯಲ್ಲಿದ್ದರೆ ಒಂದನ್ನೊಂದು ತಿನ್ನುತ್ತವೆ ಎಂಬುದು ಆ ಕಸುಬಿನವರಿಗೆ ಬಾಲಪಾಠ. ಅಂಥದ್ದೇನೂ ಆಗಿರಲಿಲ್ಲ. ಎಲ್ಲವನ್ನೂ ಕೇಳಿದವನು, ಮೀನನ್ನು ಎಲ್ಲಿ ನೀರಿಗೆ ಬಿಟ್ಟಿರಿ ಎಂದು ಮಾತ್ರ ಕೇಳಲಿಲ್ಲ. ಹಾಗೆ ಕೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ನೀರು ನೀರೇ ಅಲ್ಲವೇ?

ಎರಡು ವಾರದಲ್ಲಿ ಮೂವತ್ತೊಂದು ಮೀನು ವಾಪಸು ಬಂದವು. ಅಚ್ಚಣ್ಣ ಒಬ್ಬೊಬ್ಬರಿಗೂ ಕೈಮುಗಿದು ಹೊಸದು ಕೊಟ್ಟ. ತಪ್ಪು ತನ್ನದೇ ಎಂಬುದರಲ್ಲಿ ಅವನಿಗೆ ಸಂದೇಹವೇ ಬರಲಿಲ್ಲ. ಹಳೆಯದಕ್ಕೆ ಹಳೆಯದು ಸೇರಿಸಿ ಎಷ್ಟು ಸಲ ಕಾಯಿಸಿದರೆ ಸತ್ವ ಉಳಿದೀತು? ಆಸೆಬುರುಕನಾದೆ, ಹೆಸರು ಕೆಡಿಸಿಕೊಂಡೆ ಎಂದು ಹೆಂಡತಿಯ ಮುಂದೆ ಹಲುಬಿದ. ಮೆತ್ತಗಾದವನ್ನೆಲ್ಲ ಪಾತ್ರೆಗೆ ಹಾಕಿ ಕಾಯಿಸುವಾಗ ಶೆಡ್ಡಿನ ತುಂಬ ಕಳಿತ ಹಣ್ಣಿನ ಹಾಗೊಂದು ಸಿಹಿ ವಾಸನೆ ಎದ್ದಿತು. ತಲೆ ಭಾರವಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಣ್ಣ ಹಳಸಿರಬೇಕು ಅಂದುಕೊಂಡ.

ಆಮೇಲೆ ಹದ ಬದಲಿಸಿದ. ಗಟ್ಟಿ ಮಾಡುವ ದ್ರವ ತರಿಸಿ, ಒಂದು ಪಾಲು, ಒಂದೂವರೆ ಪಾಲು ಎಂದು ಅಳೆದು, ಬಾಲ ಆಡಬೇಕು ಮೈ ಕರಗಬಾರದು ಎಂಬ ಹದ ಸಿಗುವ ತನಕ ಹದಿನಾಲ್ಕು ಸಲ ಹೊಯ್ದ. ಹದಿನೈದನೆಯದು ಗೆದ್ದಿತು. ವಾರ ಕಳೆದರೂ ಒಂದೂ ವಾಪಸು ಬರಲಿಲ್ಲ. ಡ್ರೈವರ್ ಬಂದು ಬೆನ್ನು ತಟ್ಟಿದರು. "ಕಲ್ಲಿಗೆ ಉಜ್ಜಿದ್ರೂ ಜಗ್ಗಲ್ಲ ಕಣಯ್ಯ! ನಮ್ಮ ಅತ್ತೆ ನಾಲಿಗೆಗಿಂತ ಗಟ್ಟಿ!" ಅಚ್ಚಣ್ಣ ಜನ್ಮದಲ್ಲಿ ಮೊದಲ ಸಲ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ.

ಅವನಿಗೆ ಒಬ್ಬಳೇ ಮಗಳು. ಏಳು ತಿಂಗಳ ಬಸುರಿ. ನಾಲ್ಕು ತಿಂಗಳ ಹಿಂದೆ ಅಳಿಯ ಕೆರೆಯ ಆಚೆ ದಡದ ಹೊಸ ಕಾಲೊನಿಯಲ್ಲಿ ಮನೆ ಹಿಡಿದಿದ್ದ. ಆ ಭಾನುವಾರ ಅವಳು ಅಂಗಡಿಗೆ ಬಂದು, ಉಸ್ಸೆಂದು ಸ್ಟೂಲಿನ ಮೇಲೆ ಕೂತು, ಚೀಲದಿಂದ ನೀರಿನ ಬಾಟಲಿ ತೆಗೆದಳು.

"ಯಾಕಮ್ಮ, ಅಪ್ಪನ ಅಂಗಡೀಲಿ ನೀರಿಗೂ ಬರ ಅಂದ್ಕೊಂಡ್ಯಾ?"

"ನಿಮ್ಮ ನೀರು ಸಪ್ಪೆ ಅಪ್ಪ. ನಂಗೀಗ ನಮ್ಮ ಮನೇದೇ ಅಭ್ಯಾಸ ಆಗಿಬಿಟ್ಟಿದೆ. ಸ್ವಲ್ಪ ಸಿಹಿ ಇರುತ್ತೆ. ಕಾಲೊನಿಯವರೆಲ್ಲ ಜಂಬ ಹೊಡ್ಕೋತಾರೆ, ನಮ್ಮದು ಕಬ್ಬಿನ ಹಾಲು ಅಂತ."

ಅಚ್ಚಣ್ಣ ತಮಾಷೆಗೆಂದೇ ಬಾಟಲಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ಹಿಡಿದವನು ಹಾಗೆಯೇ ನಿಂತ. ಬಹಳ ತೆಳುವಾಗಿತ್ತು, ಇದೆಯೋ ಇಲ್ಲವೋ ಎನ್ನುವಷ್ಟು. ಆದರೆ ಶೆಡ್ಡಿನಲ್ಲಿ ಅವನನ್ನು ಮೆಟ್ಟಿಲ ಮೇಲೆ ಕೂರಿಸಿದ ವಾಸನೆ ಅದೇ.

"ಏನಪ್ಪ, ದೆವ್ವ ಕಂಡವನ ಹಾಗೆ ನಿಂತೆ?"

"ಏನಿಲ್ಲಮ್ಮ. ಬಾಟಲಿ ಇಲ್ಲೇ ಇರಲಿ. ಹೊಸದು ಕೊಡಿಸ್ತೀನಿ." ಮುಚ್ಚಳ ಬಿಗಿದು ಅದನ್ನು ಗಲ್ಲಾದ ಕೆಳಗಿಟ್ಟ.

ಮಗಳು ಮನೆಗೆ ಹೋದ ಮೇಲೆ ಅಚ್ಚಣ್ಣ ಡ್ರೈವರ್ ಮನೆಗೆ ಓಡಿದ. "ಸಾಹೇಬ್ರೇ, ಮೆತ್ತಗಾದವು ಇದ್ವಲ್ಲ, ಅವನ್ನ ಕೆರೇಲಿ ಎಲ್ಲಿ ಬಿಟ್ಟಿದ್ರಿ?"

"ಗಣಿಗುಂಡಿಲಿ. ಇನ್ನೆಲ್ಲಿ? ನೀನೇ ತಾನೇ ತಳ ಮುಟ್ಟಿಸಿ ಅಂದಿದ್ದು."

ಕೆರೆ ಕಟ್ಟುವ ಮೊದಲು ಅಲ್ಲೊಂದು ಕಲ್ಲಿನ ಗಣಿ ಇತ್ತು. ಗಣಿ ಮುಚ್ಚಿದ ಮೇಲೆ ಆ ಗುಂಡಿಗೆ ಯಾರು ಏನು ತಂದು ಸುರಿದರೆಂದು ಕೇಳಿದವರಿಲ್ಲ. ಈಗ ಅದು ನೀರಿನಡಿ ಎಲ್ಲಕ್ಕಿಂತ ಆಳದ ಜಾಗ. ಅದರ ನೇರ ಮೇಲೆ ಪಂಪ್‌ಹೌಸು. ಕಾಲೊನಿಯ ನೂರಾ ನಲವತ್ತು ಮನೆಗಳಿಗೆ ನೀರೆಳೆಯುವ ಕೊಳವೆ ಇಳಿದಿರುವುದೂ ಆ ಗುಂಡಿಗೇ.

ಹೆಂಡತಿಗೆ ಹೇಳಿದಾಗ ಅವಳು ತಡೆದಳು. "ರೀ, ಸರಿಯಾಗಿ ತಿಳೀದೆ ಬಸುರಿನ ಹೆದರಿಸ್ಬೇಡಿ. ನಿಮಗೆ ಹಗ್ಗ ಕಂಡ್ರೂ ಹಾವೇ. ಮೊದಲು ಆಫೀಸಲ್ಲಿ ಕೇಳಿ." ಅದೂ ಸರಿಯೆನಿಸಿತು. ಮಗಳಿಗೆ ಫೋನು ಮಾಡಿ, ನೀರು ಕುದಿಸಿ ಕುಡಿಯಮ್ಮ ಎಂದಷ್ಟೇ ಹೇಳಿದ. ಕುದಿಸಿದರೆ ಹೋಗುವಂಥದ್ದೋ ಅಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಸೋಮವಾರ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ ತಾಳ್ಮೆಯಿಂದಲೇ ಕೇಳಿಸಿಕೊಂಡಳು. ಫೈಲು ತೆಗೆದು ತೋರಿಸಿದಳು. "ನೋಡಿ ಯಜಮಾನ್ರೇ, ತಿಂಗಳು ತಿಂಗಳು ಪರೀಕ್ಷೆ ಆಗುತ್ತೆ. ಹನ್ನೊಂದು ವಿಷಯ ನೋಡ್ತೀವಿ. ಹನ್ನೊಂದರಲ್ಲೂ ಪಾಸು."

"ಹನ್ನೆರಡನೇದು ಏನಾದ್ರೂ ಇದ್ರೆ ಮೇಡಂ?"

"ಹನ್ನೆರಡನೇದು ಯಾವುದು ಅಂತ ನೀವು ಹೇಳಿದ್ರೆ ತಾನೇ ನಾವು ನೋಡೋದು? ಹೋಗಲಿ, ಆ ಕರಗಿದ ಮೀನು ತಂದಿದ್ದೀರಾ?"

"ಇಲ್ಲ. ಎಲ್ಲಾ ಕಾಯಿಸಿ ಹೊಸದು ಹೊಯ್ದುಬಿಟ್ಟೆ. ಮಾರಿಯೂ ಆಯ್ತು."

"ಈಗ ಬಿಟ್ರೆ ಕರಗುತ್ತಾ?"

"ಇಲ್ಲ ಮೇಡಂ. ಹದ ಸರಿ ಮಾಡಿದೆ."

"ಸರಿ ಆಯ್ತಲ್ಲ ಮತ್ತೆ!" ಎಂದು ಅವಳು ಸಮಾಧಾನದ ನಗು ನಕ್ಕಳು.

ಆ ನಗುವಿನ ಎದುರು ಅಚ್ಚಣ್ಣನಿಗೆ ತಾನು ಮಾಡಿದ್ದು ಏನೆಂದು ಪೂರ್ತಿ ತಿಳಿಯಿತು. ಕೆರೆ ಮೂವತ್ತೊಂದು ಸಲ ಬಂದು ಅವನ ಗಲ್ಲಾದ ಮೇಲೆ ಹೇಳಿಹೋಗಿತ್ತು. ಅವನು ಆ ಮೂವತ್ತೊಂದು ಬಾಯಿಗಳನ್ನೂ ಕರಗಿಸಿ, ಇನ್ನೆಂದೂ ಮಾತಾಡದ ಹಾಗೆ ಗಟ್ಟಿ ಮಾಡಿದ್ದ. ಬಾಟಲಿಯನ್ನು ಅವಳ ಮೇಜಿನ ಮೇಲಿಟ್ಟು, ದಯವಿಟ್ಟು ಇದನ್ನಾದರೂ ಕಳಿಸಿ ಎಂದ. ಅವಳು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಳು. ಪಾಪ, ಮಧ್ಯಾಹ್ನ ಒಬ್ಬನನ್ನು ಕಳಿಸಿ ಕೆರೆಯ ನೀರನ್ನೂ ತರಿಸಿದಳಂತೆ. ಬಂದವನು ಕೆರೆಯ ಮೆಟ್ಟಿಲ ಮೇಲೆ ಬಗ್ಗಿ, ತಳದ್ದನ್ನು ಬಿಟ್ಟು ಮೇಲುನೀರು ತುಂಬಿಕೊಂಡು ಹೋದ.

ಮಂಗಳವಾರ ಅಚ್ಚಣ್ಣ ಹಳೆಯ ಹದದಲ್ಲೇ ಮೂರು ಮೀನು ಹೊಯ್ದ. ಸಂಜೆ ಡ್ರೈವರ್ ತಮ್ಮ ದೋಣಿಯಲ್ಲಿ ಹೋಗಿ ಮೂರನ್ನೂ ಗಣಿಗುಂಡಿಯ ತಳಕ್ಕೆ ಇಳಿಸಿ, ದಾರವನ್ನು ಪಂಪ್‌ಹೌಸಿನ ಕಂಬಿಗೆ ಕಟ್ಟಿ ಬಂದರು. ಬುಧವಾರ ಬೆಳಿಗ್ಗೆ ಇಬ್ಬರೂ ಹೋದರು. ನೀರು ಅಲ್ಲಾಡದೆ ಕಪ್ಪಗೆ ಬಿದ್ದಿತ್ತು. ಪಂಪು ಒಂದೇ ಸಮ ಗುಂಯ್‌ಗುಡುತ್ತಿತ್ತು. ಡ್ರೈವರ್ ಹುಟ್ಟು ಹಾಕಿದರು.

ಮೊದಲ ದಾರ ಎಳೆದರೆ ಬರಿ ಗಾಳ. ಎರಡನೆಯದೂ ಬರಿ ಗಾಳ. ಮೂರನೆಯದರಲ್ಲೂ ಸೀಸದ ತಲೆ, ಗಾಳ, ಅಷ್ಟೇ. ಒಂದು ಚೂರು ರಬ್ಬರಿಲ್ಲ.

"ಬ್ಯಾಸ್ ಕಿತ್ಕೊಂಡು ಹೋಗಿರಬಹುದು," ಎಂದರು ಡ್ರೈವರ್ ಮೆಲ್ಲಗೆ.

"ಕಿತ್ರೆ ಗಾಳದಲ್ಲಿ ಚೂರಾದ್ರೂ ಉಳಿಯುತ್ತೆ ಸಾಹೇಬ್ರೇ. ಇದು ಒರೆಸಿದ ಹಾಗಿದೆ."

"ಇದನ್ನ ತೋರಿಸಿದ್ರೆ ಆಫೀಸಿನವರು ಏನಂತಾರೆ?"

"ಗಾಳ ಅಂತಾರೆ."

ಆಚೆ ದಡದಲ್ಲಿ ಇಳಿಸಲು ಹೇಳಿ, ಅಚ್ಚಣ್ಣ ಕಾಲೊನಿಯ ದಿಬ್ಬ ಹತ್ತಿದ. ಅಳಿಯ ಕೆಲಸಕ್ಕೆ ಹೋಗಿದ್ದ. ಮಗಳು ಅಡುಗೆಮನೆಯಲ್ಲಿ ನಲ್ಲಿಯ ಕೆಳಗೆ ಪಾತ್ರೆ ಹಿಡಿದು ನಿಂತಿದ್ದಳು. ಅಚ್ಚಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಿದ. ಹೇಳಬೇಕಾದ್ದನ್ನೆಲ್ಲ ಹೇಳಿದ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಬಿಡಿಸಿ ಹೇಳಿದ.

ಅವಳು ಮೊದಲು ನಕ್ಕಳು. ಆಮೇಲೆ ಪಾತ್ರೆಯೊಳಗೆ ನೋಡಿದಳು. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು.

"ನಿಂಗೆ ಯಾವಾಗ ಗೊತ್ತಾಯ್ತಪ್ಪ?"

"ಭಾನುವಾರ."

"ಇವತ್ತು ಬುಧವಾರ."

"ಗ್ಯಾರಂಟಿ ಮಾಡ್ಕೊಂಡು ಹೇಳೋಣ ಅಂತ... ಸುಮ್ಮನೆ ನಿನ್ನನ್ನ ಹೆದರಿಸಬಾರದು ಅಂತ..."

"ಮೂರು ದಿನ ಕುಡಿದೆನಲ್ಲ ಅಪ್ಪ. ಕುದಿಸಿ ಕುದಿಸಿ ಕುಡಿದೆ, ನೀನು ಹೇಳಿದೆ ಅಂತ." ಅವಳು ಪಾತ್ರೆಯನ್ನು ಸಿಂಕಿನಲ್ಲಿ ಬಗ್ಗಿಸಿ, ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಳು. ಅಚ್ಚಣ್ಣ ಪಕ್ಕದ ಮನೆಯ ಬಾಗಿಲು ತಟ್ಟಿದ. ಆ ಮನೆಯಾಕೆ ಕೇಳಿಸಿಕೊಂಡು, "ನಮ್ಮ ನೀರಿನ ಮೇಲೆ ಎಲ್ಲರಿಗೂ ಕಣ್ಣು," ಎಂದು ಬಾಗಿಲು ಹಾಕಿಕೊಂಡಳು. ಅದರ ಮುಂದಿನ ಮನೆಯಲ್ಲಿ ಯಾರೂ ಇರಲಿಲ್ಲ. ಅದರ ಮುಂದಿನದರಲ್ಲಿ ಒಬ್ಬ ಮುದುಕ ಅವನನ್ನು ಒಳಗೆ ಕರೆದು, ಕೂರಿಸಿ, ಕುಡಿಯಲು ನೀರು ತಂದುಕೊಟ್ಟ.

ಮಗಳು ಈಗ ತಂದೆಯ ಮನೆಯಲ್ಲಿದ್ದಾಳೆ. ಹೆರಿಗೆಗೆ ಇನ್ನೂ ಐದು ವಾರ ಇದೆ. ಕೂಸು ಒದೆಯುತ್ತದೆ, ಒಮ್ಮೊಮ್ಮೆ ಇಡೀ ದಿನ ಒದೆಯುವುದಿಲ್ಲ. ಆ ದಿನ ಅಚ್ಚಣ್ಣ ಅಂಗಡಿ ತೆರೆಯುವುದಿಲ್ಲ. ಮೇಲುನೀರಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವಂತೆ. ಬಾಟಲಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದಾರೆಂದು ಗುಮಾಸ್ತೆ ಹೇಳುತ್ತಾಳೆ, ಉತ್ತರ ಬಂದಿಲ್ಲ. ಗಣಿಗುಂಡಿಯ ತಳದಲ್ಲಿ ಇರುವುದೇನು, ಎಷ್ಟಿದೆ, ನಾಲ್ಕು ತಿಂಗಳು ಅದನ್ನು ಕುಡಿದವಳ ಹೊಟ್ಟೆಯಲ್ಲಿರುವ ಮಗುವಿಗೆ ಅದು ಏನು ಮಾಡುತ್ತದೆ, ಅಥವಾ ಏನೂ ಮಾಡುವುದಿಲ್ಲವೋ, ಗೊತ್ತಿಲ್ಲ. ಆ ಮೂರು ಮೀನುಗಳನ್ನು ಬ್ಯಾಸ್ ತಿಂದವೋ, ನೀರು ತಿಂದಿತೋ, ಅದೂ ಗೊತ್ತಿಲ್ಲ.