ಮುಖವಿಲ್ಲದ ಬಾಯಿಗಳು

ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಾಕ್ಟರು ತಮಾಷೆಗೆ ‘ಹಲ್ಲಕ್ಕ’ ಎಂದು ಕರೆದದ್ದು ಹಾಗೆಯೇ ನಿಂತುಬಿಟ್ಟಿತ್ತು. ಒಂದು ಕಿಟಕಿ, ಉದ್ದನೆಯ ಮೇಜು, ಉಜ್ಜುವ ಮೋಟಾರು, ಮೇಣ ಕರಗಿಸುವ ಸಣ್ಣ ದೀಪ, ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಪ್ಲಾಸ್ಟರಿನ ಅಚ್ಚುಗಳು. ಒಂದೊಂದು ಅಚ್ಚೂ ಯಾರದೋ ಬಾಯಿ. ಆ ಬಾಯಿಗಳ ಒಡೆಯರು ಮುಂದಿನ ಕೋಣೆಗೆ ಬಂದು, ಅಳತೆ ಕೊಟ್ಟು ಹೋಗುತ್ತಿದ್ದರು. ಅವರ ಮುಖ ಇವಳು ನೋಡಿದವಳಲ್ಲ, ಇವಳೊಬ್ಬಳು ಇದ್ದಾಳೆಂಬುದೂ ಅವರಿಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲೂ ಅವಳೊಬ್ಬಳೇ. ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಮಾತನ್ನೂ ಆಡದೆ, ಸೋಮವಾರ ಬಸ್ಸಿನಲ್ಲಿ ಟಿಕೆಟ್ಟು ಕೇಳುವಾಗ ಗಂಟಲು ಕಟ್ಟಿಕೊಂಡದ್ದೂ ಉಂಟು. ಏಳುವಾಗ ದವಡೆ ನೋಯುತ್ತಿತ್ತು. ಕೊನೆಗೆ ಡಾಕ್ಟರೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿ ನೋಡಿದರು.

“ಊರವರಿಗೆಲ್ಲ ಹಲ್ಲು ಮಾಡಿಕೊಟ್ಟು ನಿಮ್ಮದನ್ನ ನೀವೇ ತೇಯ್ಕೊಳ್ತಾ ಇದ್ದೀರಲ್ಲ ಹಲ್ಲಕ್ಕ. ನಿದ್ದೇಲಿ ಹಲ್ಲು ಕಡೀತೀರಿ. ಏನು ಯೋಚನೆ ನಿಮಗೆ?”

“ಏನಿಲ್ಲ ಡಾಕ್ಟ್ರೇ.”

“ಏನೂ ಇಲ್ಲದವರ ಹಲ್ಲು ಹೀಗೆ ಸವೆಯಲ್ಲ. ಹಿಂದಿನ ರಸ್ತೇಲಿ ಒಬ್ಬರು ಧ್ಯಾನ ಹೇಳಿಕೊಡ್ತಾರೆ. ಹೋಗಿ ನೋಡಿ. ಔಷಧಿಗಿಂತ ಅದು ವಾಸಿ.”

ಧ್ಯಾನದ ತರಗತಿ ನಡೆಯುತ್ತಿದ್ದದ್ದು ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ. ಹೇಳಿಕೊಡುವವರು ನಿವೃತ್ತ ನರ್ಸು, ಅರವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಕೆಳಗಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಲೇ ಇರುತ್ತಿತ್ತು. ಮೊದಲ ವಾರ ಯಾರೋ ಅದರ ಬಗ್ಗೆ ಗೊಣಗಿದಾಗ ನರ್ಸಮ್ಮ ನಕ್ಕರು.

“ಕಣ್ಣು ಮುಚ್ಚಿ, ಕಿಟಕಿ ಮುಚ್ಚಿ, ಲೋಕವೆಲ್ಲ ಸುಮ್ಮನಿದ್ದಾಗ ಮಾತ್ರ ಬರೋ ಶಾಂತಿ ಯಾರಿಗೆ ಬೇಕು? ನಾನು ಇದನ್ನ ಕಲಿತಿದ್ದು ಮೂವತ್ತು ಹಾಸಿಗೆ ಇರೋ ವಾರ್ಡಲ್ಲಿ. ಒಬ್ಬರ ಹತ್ರದಿಂದ ಇನ್ನೊಬ್ಬರ ಹತ್ರ ಹೋಗೋ ನಾಲ್ಕು ಹೆಜ್ಜೇಲಿ ಒಂದು ಉಸಿರು. ಅಷ್ಟೇ. ನಿಮ್ಮ ನಿಮ್ಮ ಕೆಲಸದಲ್ಲಿ ಅಂಥ ನಾಲ್ಕು ಹೆಜ್ಜೆ ಎಲ್ಲಿದೆ ಅಂತ ಹುಡುಕಿಕೊಳ್ಳಿ.”

ಹಲ್ಲಕ್ಕ ಹುಡುಕಿಕೊಂಡಳು. ಮೋಟಾರಿನ ಗುಂಡಿ ಒತ್ತುವ ಮುಂಚೆ ಒಂದು ಉಸಿರು. ಪ್ಲಾಸ್ಟರು ಕಲಸುವಾಗ ಕೈಗೆ ತಗಲುವ ಬಿಸಿಯ ಮೇಲೆ ಗಮನ. ಬಸ್ಸಿನಲ್ಲಿ ಅಂಗಾಲುಗಳ ಮೇಲೆ ಗಮನ. ದಿನಕ್ಕೆ ಹತ್ತು ಸಲ ದವಡೆ ಬಿಗಿದಿರುವುದು ಗೊತ್ತಾಗತೊಡಗಿತು. ಗೊತ್ತಾದರೆ ಸಡಿಲ ಬಿಡಬಹುದಿತ್ತು.

ನಾಲ್ಕನೆಯ ವಾರ ನರ್ಸಮ್ಮ ಹೊಸ ಪಾಠ ಹೇಳಿದರು. ಕಣ್ಣು ಮುಚ್ಚಿ ಪ್ರೀತಿಪಾತ್ರರೊಬ್ಬರನ್ನು ನೆನೆದು ‘ಚೆನ್ನಾಗಿರು’ ಎನ್ನಬೇಕು. ಆಮೇಲೆ ಪರಿಚಯವಿಲ್ಲದ ಒಬ್ಬರಿಗೆ, ಕೊನೆಗೆ ಕಂಡರಾಗದವರಿಗೆ.

ಹಲ್ಲಕ್ಕ ಕಣ್ಣು ಮುಚ್ಚಿದೊಡನೆ ತಂಗಿಯ ಮುಖ ಬಂತು. ಅಮ್ಮ ಇದ್ದ ಆಸ್ಪತ್ರೆಯ ಮೊಗಸಾಲೆ, ಕೈಯಲ್ಲಿ ಚೀಲ, ದಿನವಿಡೀ ಪ್ರಯಾಣ ಮಾಡಿ ಕೆದರಿದ ಕೂದಲು. ಅಮ್ಮ ಹೋಗಿ ಒಂದು ಗಂಟೆಯಾಗಿತ್ತು. ಇವಳು ಎಲ್ಲರೆದುರು, “ಈಗ ಬಂದ್ಯಾ? ನೋಡೋಕೆ ಏನು ಉಳಿದಿದೆ ಅಂತ ಬಂದೆ?” ಎಂದಿದ್ದಳು. ತಂಗಿ ಅಮ್ಮನ ಕ್ರಿಯಾಕರ್ಮ ಮುಗಿಸಿ ಹೊರಟುಹೋದಳು. ಅಂದಿನಿಂದ ಮಾತಿಲ್ಲ.

ಹಲ್ಲಕ್ಕ ಕಣ್ಣು ಬಿಟ್ಟಳು. ತರಗತಿ ಮುಗಿದ ಮೇಲೆ ನರ್ಸಮ್ಮನಿಗೆ, “ನನಗೆ ಯಾರೂ ನೆನಪಿಗೆ ಬರಲಿಲ್ಲ” ಎಂದಳು.

ನರ್ಸಮ್ಮ ಅವಳನ್ನೇ ಒಂದು ಗಳಿಗೆ ನೋಡಿದರು. “ಪರವಾಗಿಲ್ಲ. ಗೊತ್ತಿಲ್ಲದವರಿಂದಲೇ ಶುರು ಮಾಡಿ. ಅದು ಸುಲಭ, ಅವರು ನಮಗೆ ಏನೂ ಅಂದಿರಲ್ಲ.”

ಗೊತ್ತಿಲ್ಲದವರಿಗೆ ಅವಳಲ್ಲಿ ಬರವಿರಲಿಲ್ಲ. ಮರುದಿನದಿಂದ ಅಚ್ಚು ಕೈಗೆತ್ತಿಕೊಂಡಾಗಲೆಲ್ಲ ಅದರ ಒಡೆಯರ ಬಗ್ಗೆ ಯೋಚಿಸತೊಡಗಿದಳು. ಈ ಬಾಯಿ ಬಲಗಡೆಯೇ ಅಗಿದು ಅಭ್ಯಾಸ, ಎಡಗಡೆ ಎಷ್ಟು ವರ್ಷ ನೋವು ತಿಂದಿತ್ತೋ. ಈ ಬಾಯಿ ಚಿಕ್ಕದು, ಮೆಲ್ಲಗೆ ಮಾತಾಡುವವರಿರಬೇಕು. ‘ಚೆನ್ನಾಗಿರಿ’ ಎಂದು ಮನಸ್ಸಿನಲ್ಲೇ ಹೇಳಿ ಕೆಲಸ ಶುರು ಮಾಡುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಂಜೆ ದೀಪ ಆರಿಸಿ ಬಾಗಿಲು ಹಾಕುವಾಗ, ಒಳಗೆ ಯಾರನ್ನೋ ಬಿಟ್ಟು ಹೋಗುತ್ತಿದ್ದೇನೆ ಎನ್ನಿಸಿ ಸಂಕಟವಾಗತೊಡಗಿತು.

ಆ ದಿನಗಳಲ್ಲೇ ಒಂದು ಸೆಟ್ಟು ತಿರುತಿರುಗಿ ವಾಪಸು ಬರುತ್ತಿತ್ತು. ಹಲ್ಲುಗಳನ್ನು ಮೊದಲು ಮೇಣದಲ್ಲಿ ಕೂರಿಸಿ ಬಾಯಿಗೆ ಇಟ್ಟು ನೋಡುತ್ತಾರೆ. ಒಪ್ಪಿಗೆಯಾದರೆ ಗಟ್ಟಿ ಮಾಡುವುದು. ಒಬ್ಬ ಅಜ್ಜಿ ಮೂರು ಸಲವೂ ‘ಸರಿಯಿಲ್ಲ’ ಎಂದಿದ್ದರು.

“ಅಳತೆ ಸರಿಯಿದೆ, ಮೇಲಿನದು ಕೆಳಗಿನದು ಸರಿಯಾಗಿ ಕೂಡುತ್ತೆ. ಏನು ಸರಿಯಿಲ್ಲ ಅಂದ್ರೆ ಹೇಳಲ್ಲ. ತಲೆ ಚಿಟ್ಟು ಹಿಡಿಸಿಬಿಟ್ರು,” ಎಂದು ಡಾಕ್ಟರು ಸೆಟ್ಟನ್ನು ಮೇಜಿನ ಮೇಲಿಟ್ಟರು.

ಹಲ್ಲಕ್ಕನ ದವಡೆ ಬಿಗಿಯಿತು. ಮೂರು ಸಲ ಕೂರಿಸಿದ ಹಲ್ಲು. ಉಸಿರೆಳೆದುಕೊಂಡಳು, ಬಿಟ್ಟಳು. ಆಮೇಲೆ ಹತ್ತೊಂಬತ್ತು ವರ್ಷದಲ್ಲಿ ಎಂದೂ ಕೇಳದ್ದನ್ನು ಕೇಳಿದಳು.

“ಡಾಕ್ಟ್ರೇ, ಅವರು ಇನ್ನೂ ಇದ್ದಾರಾ? ನಾನೊಂದ್ಸಲ ಮಾತಾಡಲಾ?”

ಅಜ್ಜಿ ಕುರ್ಚಿಯಲ್ಲಿ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದರು. ಇನ್ನೊಬ್ಬರು ಬೈಯಲು ಬಂದರು ಎಂಬಂತೆ ಮುಖ ಗಂಟಿಕ್ಕಿದರು. ಹಲ್ಲಕ್ಕ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

“ಇದನ್ನ ಮಾಡಿದವಳು ನಾನೇ ಅಜ್ಜಿ. ಏನು ಸರಿಯಿಲ್ಲ ಅಂತ ನಿಧಾನವಾಗಿ ಹೇಳಿ. ನನಗೇನೂ ಅವಸರ ಇಲ್ಲ.”

ಅಜ್ಜಿ ಕೈಚೀಲವನ್ನು ಮೆಲ್ಲಗೆ ಮಡಿಲಿಗಿಳಿಸಿದರು.

“ತಪ್ಪು ತಿಳ್ಕೋಬೇಡಮ್ಮ,” ಎಂದರು. “ಚೆನ್ನಾಗೇ ಮಾಡಿದ್ದೀಯ. ತುಂಬಾ ಚೆನ್ನಾಗಿದೆ, ಅದೇ ತೊಂದರೆ. ನನ್ನ ಹಲ್ಲು ಯಾವತ್ತೂ ಇಷ್ಟು ಸಾಲಾಗಿ ಇರಲಿಲ್ಲ. ಇದನ್ನ ಹಾಕ್ಕೊಂಡ್ರೆ ಕನ್ನಡೀಲಿ ಬೇರೆ ಯಾರೋ ಬಂದು ನಿಂತ ಹಾಗಾಗುತ್ತೆ. ಮನೇಲಿ ಇರೋದೇ ನಾನೊಬ್ಬಳು. ಅವಳ ಗುರುತೂ ಸಿಗದೇ ಹೋದ್ರೆ ಹೇಗೆ ಹೇಳು?”

ಹಲ್ಲಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ನಿಮ್ಮ ಹಲ್ಲು ಹೇಗಿತ್ತು ಹೇಳಿ.”

ಅಜ್ಜಿ ಬೆರಳಿಟ್ಟು ತೋರಿಸಿದರು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ಅದರ ಪಕ್ಕದ್ದು ಚೂರು ಓರೆ. ಹಲ್ಲಕ್ಕ ದೀಪ ತಂದು, ಸಣ್ಣ ಚಾಕು ಬಿಸಿ ಮಾಡಿ, ಅವರೆದುರೇ ಮೇಣ ಕರಗಿಸಿ ಹಲ್ಲು ಸರಿಸಿದಳು. “ಇನ್ನೂ ಸ್ವಲ್ಪ,” ಎನ್ನುತ್ತಿದ್ದರು ಅಜ್ಜಿ. ಸೆಟ್ಟು ಬಾಯಿಗಿಟ್ಟು ಕೈಗನ್ನಡಿ ಹಿಡಿದವರು ತುಟಿ ಬಿಗಿದರು, ಬಿಟ್ಟರು, ಆಮೇಲೆ ಒಂದು ಕಡೆಯಿಂದ ನಕ್ಕರು.

“ಹ್ಞಾಂ, ಬಂದಳು,” ಎಂದರು.

ಅಂದು ಸಂಜೆ ಹಲ್ಲಕ್ಕ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಡುಗೆಮನೆಯಲ್ಲಿ ನಿಂತೇ ಕಣ್ಣು ಮುಚ್ಚಿದಳು. ತಂಗಿಯ ಮುಖ ಬಂತು. ಈ ಸಲ ಅವಳು ಕಣ್ಣು ಬಿಡಲಿಲ್ಲ. ಆ ಚೀಲ, ಆ ಕೂದಲು, ತನ್ನ ಮಾತು ಕೇಳಿದಾಗ ಆ ಮುಖದಲ್ಲಿ ಆದದ್ದು, ಎಲ್ಲವನ್ನೂ ನೋಡುತ್ತ ನಿಂತಳು. ‘ಚೆನ್ನಾಗಿರು’ ಎಂದಳು. ಅಳು ಬಂತು. ಅತ್ತು ಮುಗಿಸಿ, ಮುಖ ತೊಳೆದು ಫೋನ್ ಮಾಡಿದಳು.

“ಏನಕ್ಕ? ಯಾರಿಗಾದ್ರೂ ಏನಾದ್ರೂ ಆಯ್ತಾ?” ತಂಗಿಯ ದನಿಯಲ್ಲಿ ಗಾಬರಿ.

“ಯಾರಿಗೂ ಏನೂ ಆಗಿಲ್ಲ. ಅವತ್ತು ಆಸ್ಪತ್ರೇಲಿ ನಾನು ಹಾಗನ್ನಬಾರದಿತ್ತು ಕಣೇ.”

ಆ ಕಡೆ ಟೀವಿಯ ಸದ್ದು ನಿಂತಿತು.

“ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ?”

“ಬೇಕಾಯ್ತು.”

“ನನಗೆ ಕೆಲಸ ಇದೆ ಅಕ್ಕ. ಇಡ್ತೀನಿ.”

ಇಟ್ಟೇಬಿಟ್ಟಳು. ಹಲ್ಲಕ್ಕ ಫೋನು ಹಿಡಿದುಕೊಂಡೇ ನಿಂತಿದ್ದಳು. ಎದೆ ಭಾರವಾಗಿತ್ತು. ಅದನ್ನು ಹಗುರ ಮಾಡಿಕೊಳ್ಳಲು ಅವಳು ಹೋಗಲಿಲ್ಲ. ಹಾಗೆಯೇ ಅನ್ನಕ್ಕಿಟ್ಟಳು, ಹಾಗೆಯೇ ಉಂಡಳು.

ಮುಂದಿನ ಭಾನುವಾರ ಮತ್ತೆ ಮಾಡಿದಳು. ತಂಗಿ ಎತ್ತಲಿಲ್ಲ. ಅದರ ಮುಂದಿನ ಭಾನುವಾರ ಎತ್ತಿ, “ಹ್ಞೂಂ, ಚೆನ್ನಾಗಿದ್ದೀವಿ” ಎಂದಳು, ಅಷ್ಟೇ. ಮೂರನೆಯ ಭಾನುವಾರ ತಂಗಿಯೇ ಮಾಡಿದಳು. ಅತ್ತಿತ್ತಲಿನ ಮಾತಿಲ್ಲದೆ, “ಅಕ್ಕ, ಇವರಿಗೆ ಮೂರು ದಿನದಿಂದ ಹಲ್ಲುನೋವು. ಕೆನ್ನೆ ಊದಿದೆ. ಡಾಕ್ಟರ ಹತ್ರ ಹೋಗಿ ಅಂದ್ರೆ ಹೆದರ್ತಾರೆ” ಎಂದಳು.

“ಮೇಲಿನದಾ, ಕೆಳಗಿನದಾ?”

“ತಡಿ, ಕೇಳ್ತೀನಿ.”

ತಂಗಿ ಫೋನು ಮೇಜಿನ ಮೇಲಿಟ್ಟು ಹೋದಳು. ಆ ಮನೆಯ ಸದ್ದುಗಳು ಕೇಳಿಸಿದವು: ನಲ್ಲಿ, ಪಾತ್ರೆ, ಯಾರೋ ಬಾಗಿಲು ಎಳೆದದ್ದು, ತಂಗಿ ಗಂಡನನ್ನು ಗದರುವುದು. ಹಲ್ಲಕ್ಕ ಅದನ್ನೆಲ್ಲ ಕೇಳುತ್ತ ಕೂತಳು. ತಂಗಿ ಬಂದು ಕೆಳಗಿನದು ಎಂದಳು, ಹಲ್ಲಕ್ಕ ನಾಳೆಯೇ ಡಾಕ್ಟರಿಗೆ ತೋರಿಸಬೇಕು ಎಂದಳು. ಮಾತು ಮುಗಿಯಿತು. ಹಲ್ಲಕ್ಕನ ಮನೆ ಮತ್ತೆ ಮೊದಲಿನ ಹಾಗೇ ಸದ್ದಿಲ್ಲದಾಯಿತು. ಅವಳು ಎದ್ದು ಒಣಗಿದ ಬಟ್ಟೆಗಳನ್ನು ಒಳಗೆ ತಂದು, ಒಂದೊಂದಾಗಿ ಮಡಿಚತೊಡಗಿದಳು.